ಆರುನೂರು ಅಡಿ

ಹೆಸರಿಟ್ಟವಳು ಸೆಲ್ವರಾಣಿ.
ಲಿಂಗರಾಜಪುರದ ಫ್ಲೈಓವರ್ ಕೆಳಗೆ
ಒಂದು ಬೈಟೂ ಟೀಯನ್ನು ಮೂವರಿಗೆ ಹಂಚುತ್ತ
"ಆರುನೂರು ಅಡಿ" ಅಂದಳು.
ಅವರ ಬೀದಿಯಲ್ಲಿ ಅಷ್ಟು ಕೊರೆದರೂ ನೀರು ಬಂದಿರಲಿಲ್ಲ.
ಸದ್ದು ಬಂದಿತ್ತು, ಎರಡು ರಾತ್ರಿ, ಒಂದೇ ತಾಳ.
ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದೆ.
ನಮ್ಮ ಮೊದಲ ಬೀಟ್ ಅದು.

ನಾನು ಪೀಣ್ಯದಲ್ಲಿ ಲೇತ್, ಸೆಕೆಂಡ್ ಶಿಫ್ಟು.
ಇಮ್ದಾದ್ ಶಿವಾಜಿನಗರದಲ್ಲಿ ಆಟೋ ಸೀಟು ಹೊಲಿಯುವವನು,
ದಖ್ಖನಿಯಲ್ಲಿ ಬೈದರೆ ಪ್ರಾಸವಾಗಿಯೇ ಬೀಳೋದು.
ಸೆಲ್ವ ತಮಿಳಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸೋಳು;
ನಡುವೆ ಎಲ್ಲಿ ಗಡಿ ದಾಟಿದಳೋ
ಯಾವ ಚೆಕ್‌ಪೋಸ್ಟಿಗೂ ಗೊತ್ತಾಗುತ್ತಿರಲಿಲ್ಲ.
ನನಗೆ ದನಿಯಿಲ್ಲ. ನಾನು ಕದಿಯುವವನು:
ಕಬ್ಬಿನ ಗಾಣದ ಗೆಜ್ಜೆ, ಕಂಡಕ್ಟರನ ಸೀಟಿ,
ಮಾರ್ಕೆಟ್ಟಿನಲ್ಲಿ ನಸುಕಿಗೇ ಸೇವಂತಿಗೆ ಹರಾಜು ಕೂಗುವ
ಆ ಎಪ್ಪತ್ ಎಪ್ಪತ್ ಎಪ್ಪತ್ತೈದ್,
ಮತ್ತೆ, ತಿರುಗುವ ಉಕ್ಕಿಗೆ ಟೂಲು ತಾಗುವ ಮೊದಲ ಕ್ಷಣ.
ಫೋರ್‌ಮನ್ ಗಂಗಹನುಮಯ್ಯ ಹಿಂದೆ ಬಂದು ನಿಂತು,
"ಏನಯ್ಯಾ, ಮಿಷನ್ನಿಗೆ ಇಂಟರ್‌ವ್ಯೂ ಮಾಡ್ತಿದ್ದೀಯಾ?"

ಮೊದಲ ಶೋ ಕಾಮಾಕ್ಷಿಪಾಳ್ಯದ ಗಣೇಶನ ಪೆಂಡಾಲು.
ಅವರಿಗೆ ಬೇಕಿದ್ದದ್ದು ಸಿನಿಮಾ ಹಾಡು.
ನಾಲ್ಕನೇ ನಿಮಿಷಕ್ಕೆ ಮೈಕ್ ಆಫ್.
ಆದರೆ ಅಷ್ಟರಲ್ಲಿ ಟ್ಯಾಂಕರಿನ ಹಾರನ್ನು ಬಿಟ್ಟಿದ್ದೆ, ಉಲ್ಟಾ ಮಾಡಿ, ಎಳೆದು,
ಎರಡನೇ ಕ್ರಾಸಿನ ಹೆಂಗಸರೆಲ್ಲ
ಬಿಂದಿಗೆ ಹಿಡಿದು ಓಡಿ ಬಂದರು.
ಅದಕ್ಕಿಂತ ದೊಡ್ಡ ವಿಮರ್ಶೆ
ಈವತ್ತಿಗೂ ನಮಗೆ ಬಂದಿಲ್ಲ.

ಆಮೇಲೆ ಚರ್ಚ್ ಸ್ಟ್ರೀಟಿನ ಬಾರು, ಕೈಗೆ ಕಟ್ಟುವ ಕಾಗದದ ಪಟ್ಟಿ,
ಹನ್ನೊಂದಾಯಿತೆಂದು ಲಾಠಿ ತಟ್ಟುವ ಬೀಟ್ ಪೊಲೀಸು
(ಅವನ ತಟ್ಟುವಿಕೆಯೂ ನನ್ನ ಹತ್ತಿರ ಇದೆ).
ಇಂದಿರಾನಗರದ ಸ್ಟುಡಿಯೋದವನು ಎಸಿ ಜಾಸ್ತಿ ಮಾಡಿ ಹೇಳಿದ:
"ಸ್ವಲ್ಪ ಮೆಲೊಡಿ ಹಾಕಿ. ಕಾವೇರಿ ಅಂತ ಒಂದ್ಸಲ ಬರಲಿ."
ಇಮ್ದಾದ್ ವಿನಯದಿಂದಲೇ ಅಂದ:
"ಬರ್ತಾಳೆ ಸಾರ್, ವಾರಕ್ಕೆರಡು ಸಲ, ರಾತ್ರಿ ಎರಡು ಗಂಟೆಗೆ."
ಮೆಟ್ಟಿಲಿಳಿಯುವವರೆಗೂ ನಕ್ಕೆವು.
ಬಸ್ಸಿನಲ್ಲಿ ಯಾರೂ ನಗಲಿಲ್ಲ.

ಎರಡನೇ ಆಲ್ಬಂ ನನ್ನ ತಪ್ಪು.
ಅದು ನಾನು ಮಾಡಿದ ಒಳ್ಳೇ ಕೆಲಸವೂ ಹೌದು, ಏನು ಮಾಡಲಿ.
ಸೆಲ್ವಳ ಹನ್ನೊಂದು ನಿಮಿಷದ ಪದ್ಯ,
ಅವರಮ್ಮ ಗಾರ್ಮೆಂಟ್ಸಿನಲ್ಲಿ ಉಚ್ಚೆಗೆ ಹೋಗಲು ಟೋಕನ್ ಕೇಳಿದ್ದು,
ಅದರಲ್ಲಿ ಮಾತನ್ನೆಲ್ಲ ಕತ್ತರಿಸಿ
ಸಾಲು ಸಾಲಿನ ನಡುವೆ ಅವಳು ಎಳೆದುಕೊಂಡ ಉಸಿರು ಮಾತ್ರ ಉಳಿಸಿದೆ.
ಬೋರಿನ ಸದ್ದಿನ ಮೇಲೆ ಬರೀ ಉಸಿರು.
ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದಳು.
ತೆಗೆದು, ವಯರು ಸುತ್ತಿ, ಮೇಜಿನ ಮೇಲಿಟ್ಟು,
"ನಮ್ಮಮ್ಮ ಎಲ್ಲೋ?" ಅಂದಳು.

ಮಾರಾಟವಾದದ್ದು ಹದಿನೇಳು.
ಎಲ್ಲೋ ಒಬ್ಬ ಬರೆದ, ಮುಂದಿನ ಕಾಲದ ಸಂಗೀತ ಎಂದು.
ಮುಂದಿನ ಕಾಲ ಬಂತು, ಬಾಡಿಗೆ ಕೇಳಿತು.
ಇಮ್ದಾದ್ ಸೀಟು ಹೊಲಿಯುತ್ತಾನೆ, ಈಗ ಎರಡು ಹೊಲಿಗೆ ಯಂತ್ರ.
ಎರಡೂ ಒಟ್ಟಿಗೆ ಓಡಿದರೆ ಒಂದಕ್ಕೊಂದು ಸರಿಯುವುದಿಲ್ಲ,
ಸರಿಪಡಿಸೋದಿಲ್ಲ ಅವನು, ನಾನು ಬಂದಾಗ ಕೇಳಲಿ ಅಂತ.

ಇಎಸ್‌ಐ ಆಸ್ಪತ್ರೆಯಲ್ಲಿ ಗ್ರಾಫ್ ತೋರಿಸಿದರು,
ಎಡಗಿವಿಯ ಗೆರೆ ನಾಲ್ಕು ಸಾವಿರದ ಹತ್ತಿರ
ಬಾವಿಗೆ ಬಿದ್ದಿದೆ.
ಲೇತೋ ಸ್ಪೀಕರೋ ಎಂದು ಡಾಕ್ಟರು ಕೇಳಿದರು.
ಗೊತ್ತಿದ್ದರೆ ತಾನೆ.
ಒಂದು ಸಿಳ್ಳು ಉಳಿದಿದೆ ಅಲ್ಲಿ, ನಿಲ್ಲದ್ದು,
ಶ್ರುತಿ ಹಿಡಿಯಲು ನೋಡಿದ್ದೇನೆ, ಕೋಮಲ ನಿಷಾದಕ್ಕೆ ಸ್ವಲ್ಪ ಕೆಳಗೆ.

ಸೆಲ್ವ ಎಲ್ಲಿದ್ದಾಳೆಂದು ಯಾರನ್ನೂ ಕೇಳಿಲ್ಲ.
ಕೇಳಬೇಕಿಲ್ಲ. ಬೆಳಿಗ್ಗೆ ಏಳಕ್ಕೆ ಕಸದ ಆಟೋ ಬರುತ್ತದೆ,
ತಗಡಿನ ಸ್ಪೀಕರಿನಲ್ಲಿ ಅವಳದೇ ದನಿ,
ಯಾವ ರೇಟಿಗೆ ಕೊಟ್ಟಳೋ, ಇಡೀ ವಾರ್ಡಿಗೆ ಬಾಯಿಪಾಠ:
ಹಸಿ ಕಸ ಬೇರೆ,
ಒಣ ಕಸ ಬೇರೆ.
ನಡುವೆ ಒಂದು ಉಸಿರು.
ಯಾರೂ ಕತ್ತರಿಸಿಲ್ಲ.
ನಾನು ಬಲಗಿವಿ ಕೊಟ್ಟು ಗೇಟಿನಲ್ಲಿ ನಿಂತಿರುತ್ತೇನೆ,
ಪೌರಕಾರ್ಮಿಕೆ ಮುನಿಯಮ್ಮ ನನ್ನ ಬಕೆಟ್ಟಿಗೆ ಕೈ ಹಾಕಿ
ಟೀಸೊಪ್ಪಿನಿಂದ ಬ್ಯಾಟರಿ ಹೆಕ್ಕುತ್ತ ಗೊಣಗುತ್ತಾಳೆ,
"ದಿನಾ ಹೇಳ್ತಾವ್ಳೆ, ಕೇಳ್ಸಾಕಿಲ್ವಾ ನಿಂಗೆ?"